ಟವರ್ ನಿಮ್ಮ ಹೊಲಕ್ಕೆ, ‘ಟ್ಯಾಕ್ಸ್’ ಅವರ ಖಾತೆಗೆ

ಚನ್ನಪಟ್ಟಣದ ಕಡೆ ಮಾವಿನ ತೋಟದ ವ್ಯಾಪಾರ ಹೇಗೆ ನಡೆಯುತ್ತದೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಹೂವು, ಪಿಂದೆ ನೋಡಿಕೊಂಡು ವ್ಯಾಪಾರಿ ಬರುತ್ತಾನೆ, ಮರ ಎಣಿಸುತ್ತಾನೆ, ಮಾತು ಕುದುರಿದರೆ ತೋಟದವರ ಕೈಗೆ ಮುಂಗಡ ಇಟ್ಟು ಹೋಗುತ್ತಾನೆ. ಮಂಡಿಗೆ ಹಾಕಿದರೂ ಕಮಿಷನ್, ಹಮಾಲಿ ಎಲ್ಲವನ್ನೂ ಪಟ್ಟಿಯಲ್ಲೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ‘ಮೊದಲು ಕಮಿಷನ್ ಕಟ್ಟಿ, ಆಮೇಲೆ ಬಾದಾಮಿ ತೂಕಕ್ಕೆ ಹಾಕೋಣ’ ಎಂದು ಯಾವನಾದರೂ ಅಂದರೆ ರೈತ ಅವನನ್ನು ಮಂಡಿಯಿಂದಾಚೆಗೆ ಅಟ್ಟಿಯಾನು. ಮನೆ ಭೋಗ್ಯಕ್ಕೆ ಹಾಕಿದರೂ ಅಷ್ಟೇ. ಬರುವವನು ಕೊಡಬೇಕು, ಮನೆಯವನು ಈಸಿಕೊಳ್ಳಬೇಕು.

ವ್ಯವಹಾರದಲ್ಲಿ ಇಷ್ಟು ಪಳಗಿದವರೇ, ‘ನಿಮ್ಮ ಜಮೀನು ಮೊಬೈಲ್ ಟವರ್‌ಗೆ ಸೆಲೆಕ್ಟ್ ಆಗಿದೆ, ತಿಂಗಳಿಗೆ ಮೂವತ್ತು ಸಾವಿರ ಬಾಡಿಗೆ, ಇಪ್ಪತ್ತು ಲಕ್ಷ ಅಡ್ವಾನ್ಸ್, ಮನೆಗೊಬ್ಬರಿಗೆ ಕೆಲಸ’ ಎಂಬ ಸಂದೇಶ ಬಂದ ಮರುಗಳಿಗೆ ಬೇರೆಯೇ ಮನುಷ್ಯರಾಗುತ್ತಾರೆ. ಮಾಗಡಿಯ ಹಿಪ್ಪುನೇರಳೆ ತೋಟವಾಗಲಿ, ಕನಕಪುರದ ಮನೆ ತಾರಸಿಯಾಗಲಿ, ಕಥೆ ಒಂದೇ. ‘ಸರ್ಕಾರದ ಟ್ಯಾಕ್ಸ್ ಮಾತ್ರ ನೀವು ಮೊದಲು ಕಟ್ಟಬೇಕು ಸಾರ್, ಅದೂ ಅಡ್ವಾನ್ಸ್ ಜೊತೆ ವಾಪಸ್ ಬರುತ್ತೆ.’

ಇದೇ ಆ ನಂಬಿಕೆ: ಜಾಗ ಬಾಡಿಗೆಗೆ ಕೊಡುವವನು ಮೊದಲು ಸರ್ಕಾರಕ್ಕೆ ಏನೋ ಕಟ್ಟಬೇಕು, ಕಟ್ಟಿದ್ದು ಆಮೇಲೆ ವಾಪಸ್ ಬರುತ್ತದೆ. ಇದರಲ್ಲಿ ಒಂದಕ್ಷರವೂ ನಿಜವಲ್ಲ. ಟ್ರಾಯ್, ಅಂದರೆ 1997ರಲ್ಲಿ ಹುಟ್ಟಿದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ನೋಡಿಕೊಳ್ಳುವುದು ಕರೆ ದರ, ಸೇವೆಯ ಗುಣಮಟ್ಟ ಇಂಥವನ್ನು. ಟವರ್ ನೆಡಲು ತಾನು ನಿರಾಕ್ಷೇಪಣಾ ಪತ್ರ ಕೊಡುವುದಿಲ್ಲ, ಯಾರಿಂದಲೂ ತೆರಿಗೆ, ಶುಲ್ಕ ವಸೂಲಿ ಮಾಡುವುದಿಲ್ಲ ಎಂದು ಅದು ಮತ್ತೆ ಮತ್ತೆ ಸಾರ್ವಜನಿಕ ಪ್ರಕಟಣೆ ಹೊರಡಿಸಿದೆ. ದೂರಸಂಪರ್ಕ ಇಲಾಖೆಯೂ ಅದನ್ನೇ ಹೇಳಿದೆ: ಟವರ್‌ಗೆ ಜಾಗ ಗುತ್ತಿಗೆ ಪಡೆಯುವ ವ್ಯವಹಾರದಲ್ಲಿ ಇಲಾಖೆಗೆ ನೇರವಾಗಿಯೂ ಇಲ್ಲ, ಪರೋಕ್ಷವಾಗಿಯೂ ಪಾತ್ರವಿಲ್ಲ. ವಂಚಕರು ಕಳಿಸುವ ಕಾಗದದಲ್ಲಿ ಮಾತ್ರ ಟ್ರಾಯ್ ಸದಾ ಇರುತ್ತದೆ.

ಆ ಕಾಗದವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನೆತ್ತಿಯ ಮೇಲೆ ಸಿಂಹಲಾಂಛನ, ಎಡಕ್ಕೊಂದು ದೊಡ್ಡ ಟೆಲಿಕಾಂ ಕಂಪನಿಯ ಗುರುತು, ಬಲಕ್ಕೆ ‘ಡಿಜಿಟಲ್ ಇಂಡಿಯಾ’. ಕೆಳಗೆ ಎರಡು ದುಂಡು ಮುದ್ರೆ, ಒಂದು ನೀಲಿ, ಒಂದು ಕೆಂಪು. ಮಧ್ಯೆ ಜಮೀನಿನವರ ಹೆಸರು ಮಾತ್ರ ಬೇರೆ ಅಕ್ಷರದಲ್ಲಿ, ಸಾಲಿನಿಂದ ಒಂದಿಷ್ಟು ಮೇಲಕ್ಕೆ ಎದ್ದು ಕೂತಿರುತ್ತದೆ. ಕನ್ನಡವಿದ್ದರೆ ಕ್ರಿಯಾಪದಕ್ಕೂ ಕರ್ತೃವಿಗೂ ಮಾತುಕತೆ ಇರುವುದಿಲ್ಲ. ಇಷ್ಟೆಲ್ಲ ಗಾಂಭೀರ್ಯದ ಕೊನೆಗೆ ‘ಶುಲ್ಕ ಪಾವತಿಸಬೇಕಾದ ಖಾತೆ’ ಎಂದು ಯಾವನೋ ಒಬ್ಬ ವ್ಯಕ್ತಿಯ ಉಳಿತಾಯ ಖಾತೆಯ ಸಂಖ್ಯೆ. ಭಾರತ ಸರ್ಕಾರ ಖಾಸಗಿ ಆಸಾಮಿಯ ಉಳಿತಾಯ ಖಾತೆಯಲ್ಲಿ ಯಾಕೆ ತೆರಿಗೆ ಕಟ್ಟಿಸಿಕೊಳ್ಳುತ್ತದೆ? ಕಾಗದವನ್ನು ಊರಿಗೆಲ್ಲ ತೋರಿಸುವ ಉತ್ಸಾಹದಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಆ ಖಾತೆಯೂ ವಂಚಕನ ಹೆಸರಿನಲ್ಲಿರುವುದು ಅಪರೂಪ. ಯಾವುದೋ ಬಡಪಾಯಿಗೆ ಒಂದಿಷ್ಟು ಕಾಸು ಕೊಟ್ಟು ಪಡೆದದ್ದು ಅದು. ಇಡೀ ವ್ಯವಹಾರದಲ್ಲಿ ನಿಜಕ್ಕೂ ಬಾಡಿಗೆಗೆ ಹೋಗಿರುವುದು ಆ ಬ್ಯಾಂಕ್ ಖಾತೆಯೊಂದೇ.

ಮೊದಲು ಕೇಳುವುದು ಒಂದೂವರೆ-ಎರಡು ಸಾವಿರ, ‘ರಿಜಿಸ್ಟ್ರೇಷನ್’. ಅದನ್ನು ಕಟ್ಟಿದವರಿಗೆ ಎರಡನೇ ಕಂತು ‘ಅಗ್ರಿಮೆಂಟ್ ಚಾರ್ಜ್’. ಮೂರನೆಯದು ಟವರಿನ ವಿಮೆ. ನಾಲ್ಕನೆಯ ಹೊತ್ತಿಗೆ ಸಾಮಾನು ತುಂಬಿದ ಲಾರಿ ಹೊರಟುಬಿಟ್ಟಿರುತ್ತದೆ, ಚಾಲಕನೇ ಫೋನ್ ಮಾಡಿ ಊರಿನ ದಾರಿ ಕೇಳುತ್ತಾನೆ. ಆಮೇಲೆ ‘ಚೆಕ್‌ಪೋಸ್ಟ್‌ನಲ್ಲಿ ಗಾಡಿ ಹಿಡಿದಿದ್ದಾರೆ, ಜಿಎಸ್‌ಟಿ ಕಟ್ಟಿದರೆ ಬಿಡುತ್ತಾರೆ.’ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟ್‌ಗಳನ್ನೇ ತೆಗೆದುಹಾಕಲಾಯಿತು ಎಂಬುದು ಆ ಗಳಿಗೆಯಲ್ಲಿ ಯಾರಿಗೆ ನೆನಪಾಗಬೇಕು? ಅಷ್ಟರಲ್ಲಿ ಕಟ್ಟಿದ್ದನ್ನು ಬಿಟ್ಟುಕೊಡಲು ಮನಸ್ಸು ಬಾರದೆ ಮನುಷ್ಯ ಮುಂದಿನದನ್ನೂ ಕಟ್ಟುತ್ತಾನೆ. ವಂಚಕ ಬದುಕುವುದೇ ಈ ಹಟದ ಮೇಲೆ.

ತೆರಿಗೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕಂಪನಿಯೊಂದು ಜಾಗಕ್ಕೆ ಬಾಡಿಗೆ ಕೊಡುವಾಗ ಮೊತ್ತ ಮಿತಿ ದಾಟಿದರೆ ಶೇ 10ರಷ್ಟು ಟಿಡಿಎಸ್ ಮುರಿದುಕೊಂಡು ಉಳಿದದ್ದನ್ನು ಮಾಲೀಕರಿಗೆ ಕೊಡುತ್ತದೆ. ಕೊಡುವ ದುಡ್ಡಿನಲ್ಲೇ ಕಡಿತ, ಮಂಡಿಯ ಪಟ್ಟಿಯ ಹಾಗೆಯೇ. ಬಾರದ ಬಾಡಿಗೆಗೆ ಮೊದಲೇ ತೆರಿಗೆ ಕಟ್ಟಿಸಿಕೊಳ್ಳುವ ಪದ್ಧತಿಯೇ ಇಲ್ಲ. ಜಿಎಸ್‌ಟಿ ಕೇಳುವವರು ಬಿಲ್ಲಿನ ಮೇಲೆ 15 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ ಕೊಡಬೇಕು. ಕರ್ನಾಟಕದಲ್ಲಿ ನೋಂದಾಯಿಸಿದವರದು 29ರಿಂದ ಶುರುವಾಗುತ್ತದೆ, ಅದು ಯಾರದೆಂದು ಜಿಎಸ್‌ಟಿ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. ವರ್ಷಕ್ಕೆ ಮೀರಿದ ಗುತ್ತಿಗೆ ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಆ ಶುಲ್ಕ ಹೋಗುವುದು ರಾಜ್ಯದ ಖಜಾನೆಗೆ, ಚಲನ್ ಮೂಲಕ, ಫೋನ್‌ಪೇ ನಂಬರಿಗಲ್ಲ.

ಟವರ್ ಎಲ್ಲಿ ಬರಬೇಕೆಂಬುದು ಲಕ್ಕಿ ಡ್ರಾದಲ್ಲಿ ತೀರ್ಮಾನವಾಗುವುದಿಲ್ಲ. ಸಿಗ್ನಲ್ ಎಲ್ಲಿ ಸೊರಗಿದೆ, ದಟ್ಟಣೆ ಎಲ್ಲಿದೆ ಎಂದು ಎಂಜಿನಿಯರುಗಳು ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಆ ಗುರುತಿನ ಸುತ್ತಲಿನ ಜಾಗ ಹುಡುಕಿಕೊಂಡು ಕಂಪನಿಯ ಕಡೆಯವರು ಖುದ್ದು ಬರುತ್ತಾರೆ, ಪಹಣಿ, ಖಾತೆ ನೋಡುತ್ತಾರೆ, ಬಾಡಿಗೆ ಚೌಕಾಸಿ ಮಾಡುತ್ತಾರೆ. ಸ್ಥಳೀಯ ಸಂಸ್ಥೆಯ ಅನುಮತಿ, ಅದರ ಶುಲ್ಕ, ಎಲ್ಲ ಅವರ ತಲೆನೋವು. ಇಂಡಸ್ ಟವರ್ಸ್‌ನಂಥ ಪರವಾನಗಿ, ನೋಂದಣಿ ಇರುವ ಕಂಪನಿಗಳ ಪಟ್ಟಿ ದೂರಸಂಪರ್ಕ ಇಲಾಖೆಯ ಜಾಲತಾಣದಲ್ಲಿದೆ. ಕರೆ ಮಾಡಿದವನು ಕೊಟ್ಟ ನಂಬರು ಬಿಟ್ಟು ಆ ಪಟ್ಟಿ ಹಿಡಿದು ವಿಚಾರಿಸಿದರೆ ಐದು ನಿಮಿಷದಲ್ಲಿ ಬಣ್ಣ ಬಯಲು.

‘ನನ್ನ ಸರ್ವೆ ನಂಬರನ್ನೂ ಸರಿಯಾಗಿ ಹೇಳಿದರು’ ಎಂಬುದು ಇನ್ನೊಂದು ಸಮಾಧಾನ. ‘ಭೂಮಿ’ ಜಾಲತಾಣದಲ್ಲಿ ಯಾರ ಪಹಣಿಯನ್ನು ಯಾರು ಬೇಕಾದರೂ ನೋಡಬಹುದು. ‘ಆಧಾರ್ ಕಳಿಸಿದ್ದಾರೆ, ಐಡಿ ಕಾರ್ಡ್ ಕಳಿಸಿದ್ದಾರೆ’ ಎನ್ನುವವರು ನೋಡುತ್ತಿರುವುದು ಬಹುಮಟ್ಟಿಗೆ ಅವರಿಗಿಂತ ಮೊದಲು ಮೋಸಹೋದ ಯಾರದೋ ಆಧಾರ್.

ಹಳ್ಳಿಯವರಷ್ಟೇ ಬೀಳುತ್ತಾರೆ ಎಂದುಕೊಂಡು ಪೇಟೆಯವರು ನಗಬೇಕಾಗಿಲ್ಲ. ಅವರ ಟವರಿನ ಹೆಸರು ‘ಹಾಲಿಡೇ ಮೆಂಬರ್‌ಶಿಪ್’. ಭಾರತದಲ್ಲಿ ಈ ವ್ಯಾಪಾರ ಹೊಸತೇನಲ್ಲ. ಸ್ಟರ್ಲಿಂಗ್ ಶುರುವಾದದ್ದು 1986ರಲ್ಲಿ, ಮಹೀಂದ್ರದವರು ಬಂದದ್ದು 1996ರಲ್ಲಿ. ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರ ತಂಗುವುದು, ಇಪ್ಪತ್ತೈದು ವರ್ಷ ಎಂಬ ಲೆಕ್ಕದಲ್ಲಿ ಸದಸ್ಯರಾದವರು ರಾಮನಗರದ ಬಡಾವಣೆಗಳಲ್ಲೂ ಇದ್ದಾರೆ: ನಿವೃತ್ತ ಬ್ಯಾಂಕ್ ನೌಕರರು, ಮೇಷ್ಟ್ರುಗಳು, ಬಿಡದಿಯ ಕಾರ್ಖಾನೆಗಳಲ್ಲಿ ದುಡಿದವರು. ಮಕ್ಕಳು ದೊಡ್ಡವರಾಗಿ, ಮಂಡಿನೋವು ಶುರುವಾಗಿ, ಮಡಿಕೇರಿಗೆ ಹೋಗುವುದು ನಿಂತರೂ ವಾರ್ಷಿಕ ಶುಲ್ಕದ ಬಿಲ್ ನಿಲ್ಲುವುದಿಲ್ಲ. ಮಾರಿಬಿಡೋಣ ಅನ್ನಿಸಿದ ಹೊತ್ತಿಗೆ ಸರಿಯಾಗಿ ಫೋನ್ ಬರುತ್ತದೆ. ‘ನಿಮ್ಮ ಮೆಂಬರ್‌ಶಿಪ್‌ಗೆ ಪಾರ್ಟಿ ರೆಡಿ ಇದೆ ಮೇಡಂ, ನೀವು ಕೊಟ್ಟಿದ್ದಕ್ಕಿಂತ ಜಾಸ್ತಿಗೇ ಒಪ್ಪಿದ್ದಾರೆ. ಟ್ರಾನ್ಸ್‌ಫರ್ ಫೀ ಕಟ್ಟಿದರೆ ನಾಳೆನೇ ಚೆಕ್.’

ಇಲ್ಲಿ ಕೆಲಸ ಮಾಡುವ ಭ್ರಮೆ ಬೇರೆ ಜಾತಿಯದು. ಮೆಂಬರ್‌ಶಿಪ್ ಎಂದರೆ ಸೈಟಿನ ಹಾಗೆ, ಇಟ್ಟಷ್ಟೂ ಬೆಲೆ ಏರುತ್ತದೆ ಎಂದು ಇವರು ತಿಳಿದಿರುತ್ತಾರೆ. ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಗುಂಟೆಗೆಷ್ಟು ಎಂದು ಲೆಕ್ಕ ಹಾಕುತ್ತಲೇ ಇರುವ ಊರಿನಲ್ಲಿ ಈ ಭ್ರಮೆ ಬೇಗ ಬೇರು ಬಿಡುತ್ತದೆ. ಆದರೆ ಇಂಥ ಸದಸ್ಯತ್ವ ತಂಗುವ ಹಕ್ಕು ಮಾತ್ರ. ವರ್ಷ ಕಳೆದಷ್ಟೂ ಉಳಿದ ವಾರಗಳು ಕಡಿಮೆ, ಬೆಲೆಯೂ ಕಡಿಮೆ. ಹತ್ತು ವರ್ಷ ಬಳಸಿದ ಮೇಲೆ ಕೊಂಡದ್ದಕ್ಕಿಂತ ಹೆಚ್ಚು ಕೊಟ್ಟು ಕೊಳ್ಳುವ ಪಾರ್ಟಿ ಭೂಮಿಯ ಮೇಲಿಲ್ಲ. ವರ್ಗಾವಣೆಯ ನಿಯಮ ಏನಿದೆಯೆಂದು ಒಪ್ಪಂದದಲ್ಲೇ ಬರೆದಿರುತ್ತದೆ. ಕೇಳಬೇಕಾದ್ದು ಸದಸ್ಯತ್ವ ಕೊಟ್ಟ ಕಂಪನಿಯನ್ನು, ಫೋನಿನಲ್ಲಿ ಬಂದ ದಲ್ಲಾಳಿಯನ್ನಲ್ಲ.

ಅಮೆರಿಕದಲ್ಲಿ ಇದು ದೊಡ್ಡ ಉದ್ಯಮವೇ ಆಗಿದೆ. ಮೆಕ್ಸಿಕೊದಲ್ಲಿ ಟೈಮ್‌ಶೇರ್, ಅಂದರೆ ಇಂಥದೇ ತಂಗುವ ಹಕ್ಕು, ಕೊಂಡ ಅಮೆರಿಕನ್ನರಿಗೆ ಕರೆ ಮಾಡಿ ‘ಕೊಳ್ಳುವವರಿದ್ದಾರೆ, ತೆರಿಗೆ ಕಟ್ಟಿ’ ಎಂದು ದೋಚುವುದರ ಹಿಂದೆ ಹಲಿಸ್ಕೊದ ಮಾದಕವಸ್ತು ಕೂಟವೇ ಇದೆ ಎಂದು ಅಲ್ಲಿನ ಖಜಾನೆ ಇಲಾಖೆ ಮತ್ತು ಎಫ್‌ಬಿಐ 2024ರ ಜುಲೈನಲ್ಲಿ ಎಚ್ಚರಿಸಿದವು. 2019ರಿಂದ 2023ರವರೆಗೆ ಸುಮಾರು 6,000 ಮಂದಿ ದೂರು ಕೊಟ್ಟಿದ್ದರು, ಕಳೆದುಕೊಂಡದ್ದು 30 ಕೋಟಿ ಡಾಲರಿನ ಹತ್ತಿರ ಹತ್ತಿರ. ಓದು, ಇಂಗ್ಲಿಷು, ಪಾಸ್‌ಪೋರ್ಟು ಯಾವುದೂ ರಕ್ಷಣೆಗೆ ಬರಲಿಲ್ಲ.

ಇನ್ನು ಹಳೆಯ ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡುತ್ತಾರೆಂಬ ಜಾಹೀರಾತು. ಅಲ್ಲೂ ಮೊದಲು ಕಮಿಷನ್ ಕಟ್ಟಬೇಕು. ಇಂಥ ವ್ಯವಹಾರಕ್ಕೆ ತಾನು ಕಮಿಷನ್ನನ್ನೂ ಕೇಳುವುದಿಲ್ಲ, ಯಾರಿಗೂ ಅಧಿಕಾರವನ್ನೂ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿ ಕೈ ತೊಳೆದುಕೊಂಡಿದೆ.

ಇವೆಲ್ಲಕ್ಕೂ ಅಣ್ಣನಂತಿರುವುದು ರೈಸ್ ಪುಲ್ಲಿಂಗ್ ಚೊಂಬು. ಸಿಡಿಲು ಬಡಿದ ತಾಮ್ರದ ಚೊಂಬು ಅಕ್ಕಿಯನ್ನು ಸೆಳೆಯುತ್ತದಂತೆ, ನಾಸಾದವರು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರಂತೆ, ‘ವಿಜ್ಞಾನಿ’ ಬಂದು ಪರೀಕ್ಷೆ ಮಾಡುವ ಖರ್ಚು ಮಾತ್ರ ಮುಂಗಡವಂತೆ. ಚೊಂಬಿನಲ್ಲಿ ಅಯಸ್ಕಾಂತ, ಅಕ್ಕಿಗೆ ಕಬ್ಬಿಣದ ಪುಡಿ. ಇಷ್ಟು ಸರ್ಕಸ್ಸಿಗೆ ಮನೆ ಅಡವಿಟ್ಟವರಿದ್ದಾರೆ. ಟವರಿನದೂ ಚೊಂಬಿನದೂ ಲೆಕ್ಕ ಒಂದೇ, ಆಗ ಚೊಂಬನ್ನಾದರೂ ಕಣ್ಣಿಗೆ ತೋರಿಸುತ್ತಿದ್ದರು.

ತಾಲ್ಲೂಕು ಕಚೇರಿಯ ನಿಜವಾದ ಗುಮಾಸ್ತ ಒಂದು ಮಾತು ಹೇಳಿದರೆ ಹತ್ತು ಕಡೆ ವಿಚಾರಿಸುವವರು ವಾಟ್ಸ್‌ಆ್ಯಪ್‌ನ ಸುಳ್ಳು ಅಧಿಕಾರಿಯನ್ನು ಒಂದೇ ಫೋನಿಗೆ ನಂಬುವುದು ವಿಚಿತ್ರ ಅನ್ನಿಸಬಹುದು. ಅಷ್ಟೇನೂ ವಿಚಿತ್ರವಲ್ಲ. ಪೋಡಿಗೋ ಖಾತೆಗೋ ಅಲೆದು ಅಲೆದು, ಕಡತ ಸರಿಯಬೇಕಾದರೆ ಮೊದಲು ಏನಾದರೂ ಕೊಡಲೇಬೇಕು ಎಂಬುದು ಜನರಿಗೆ ರಕ್ತಗತವಾಗಿದೆ. ಕೊಟ್ಟರೂ ಕೆಲಸವಾಗದ ಕಚೇರಿಗಳ ನಡುವೆ, ಪ್ರತಿದಿನ ತಾನೇ ಫೋನ್ ಮಾಡಿ ‘ನಿಮ್ಮ ಫೈಲ್ ಮೂವ್ ಆಯಿತು ಗೌಡ್ರೇ’ ಎನ್ನುವವನು ದೇವರಂತೆ ಕಂಡರೆ ಆಶ್ಚರ್ಯವೇನಿಲ್ಲ. ವಂಚಕ ಕಲಿತಿರುವುದು ತಂತ್ರಜ್ಞಾನವನ್ನಲ್ಲ, ನಮ್ಮ ಕಚೇರಿಗಳ ರೂಢಿಯನ್ನು.

ಹಣ ಹೋದದ್ದು ಗೊತ್ತಾದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಅದು ಇನ್ನೂ ಆ ಖಾತೆಯಲ್ಲಿದ್ದರೆ, ತಡೆಹಿಡಿಸುವ ಸಾಧ್ಯತೆ ಇದೆ. ಯುಪಿಐ ಪಾವತಿಯ 12 ಅಂಕಿಯ ಉಲ್ಲೇಖ ಸಂಖ್ಯೆ, ಆ ಕಾಗದಗಳು, ಕರೆ ಬಂದ ನಂಬರು ಅಳಿಸದೆ ಇಟ್ಟುಕೊಂಡು ರಾಮನಗರದ ಸೆನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೆ ಹೋಗಬೇಕು. ನಾಚಿಕೆಯಿಂದ ತಿಂಗಳುಗಟ್ಟಲೆ ಸುಮ್ಮನಿದ್ದವರಿಗೆ ಇನ್ನೊಂದು ಕರೆ ಕಾದಿರುತ್ತದೆ: ‘ಸೈಬರ್ ಕ್ರೈಂ ಆಫೀಸಿನಿಂದ ಮಾತಾಡ್ತಿದೀವಿ, ನೀವು ಕಳೆದುಕೊಂಡ ಹಣ ಸಿಕ್ಕಿದೆ, ಫೈಲ್ ಚಾರ್ಜ್ ಐದು ಸಾವಿರ ಕಟ್ಟಿ.’ ಮೋಸಹೋದವರ ಪಟ್ಟಿಯೂ ವಂಚಕರ ನಡುವೆ ಮಾರಾಟವಾಗುತ್ತದೆ. ದೂರು ದಾಖಲಿಸಲು ಪೊಲೀಸರು ಒಂದು ರೂಪಾಯಿಯನ್ನೂ ಕೇಳುವಂತಿಲ್ಲ.