ಗಾಜಿನ ಮಣಿ ತರಿತರಿಯಾಗುವುದು ಹೇಗೆ?



ನಮ್ಮ ಅಜ್ಜಿಗೆ ಈಗ ಕಣ್ಣು ಕಾಣಿಸುವುದಿಲ್ಲ. ಅವರ ಜಪಸರದಲ್ಲಿ 108 ಗಾಜಿನ ಮಣಿಗಳಿವೆ. ಅವುಗಳ ತುದಿಯಲ್ಲಿ ಒಂದು ಮೇರುಮಣಿ ಇರುತ್ತದೆ. ಅದು ಬೆರಳಿಗೆ ಸಿಕ್ಕಿದರೆ ಒಂದು ಸುತ್ತು ಮುಗಿಯಿತು ಎಂದು ಲೆಕ್ಕ. ಆ ಮಣಿ ಒಡೆದುಹೋಯಿತು. ಅಂಗಡಿಯಿಂದ ಬೇರೆ ತಂದೆವು. ಅದೂ ನುಣ್ಣಗೇ ಇತ್ತು. ಅಜ್ಜಿ ಪಾಪ, "ಎಷ್ಟಾಯ್ತೋ ಏನೋ" ಅಂತ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು.

ಯುಗಾದಿಗೆ ಬೆಂಗಳೂರಿನಿಂದ ಚಿಕ್ಕಪ್ಪ ಬಂದರು. ಅವರದು ಗಾಜಿನ ಮಣಿ ಮಾಡುವ ಕೆಲಸ. ಕಲಿಸಿದವರು ವಾರಾಣಸಿಯವರಂತೆ. ಚಿಕ್ಕಪ್ಪ ಕಪ್ಪು ಕನ್ನಡಕ ಹಾಕಿಕೊಂಡು, ಗ್ಯಾಸಿನ ಉರಿಯಲ್ಲಿ ಗಾಜಿನ ಕಡ್ಡಿಯನ್ನು ಕಾಯಿಸಿದರು. ಅದು ಜೇನುತುಪ್ಪದ ಹಾಗೆ ಮೆತ್ತಗಾಯಿತು. ಅದನ್ನು ಉಕ್ಕಿನ ತಂತಿಗೆ ಸುತ್ತಿದರು. ತಂತಿಗೆ ಮೊದಲೇ ಜೇಡಿಮಣ್ಣು ಬಳಿದು ಒಣಗಿಸಿದ್ದರು. ಇಲ್ಲದಿದ್ದರೆ ಮಣಿ ತಂತಿಗೆ ಅಂಟಿಕೊಂಡು ಬರುವುದೇ ಇಲ್ಲ.

ಗಾಜು ಮೆತ್ತಗಿರುವಾಗಲೇ ಮೇಲ್ಮೈಯನ್ನು ನಾಲ್ಕು ಥರ ಮಾಡಬಹುದು.

1. ಗಾಜಿನ ಪುಡಿಯ ಮೇಲೆ ಉರುಳಿಸಿ ಸ್ವಲ್ಪ ಕಾಯಿಸಿದರೆ ರವೆ ಅಂಟಿದ ಹಾಗೆ ತರಿತರಿ. ಜಾಸ್ತಿ ಕಾಯಿಸಿದರೆ ಪುಡಿ ಕರಗಿ ಪುನಃ ನುಣುಪು.

2. ಚಾಕುವಿನ ಅಂಚಿನಿಂದ ಸುತ್ತಲೂ ಒತ್ತಿದರೆ ಕುಂಬಳಕಾಯಿಯ ಹಾಗೆ ಗೀರು.

3. ಸಣ್ಣ ಕಡ್ಡಿಯಿಂದ ಗಾಜಿನ ಚುಕ್ಕೆ ಇಟ್ಟು ಪೂರ್ತಿ ಕರಗಿಸದೆ ಬಿಟ್ಟರೆ ಉಬ್ಬುಬ್ಬು.

4. ಕೆಂಪಗೆ ಕಾದ ಮಣಿಯನ್ನು ನೀರಿಗೆ ಒಂದು ಕ್ಷಣ ಅದ್ದಿ ಕೂಡಲೇ ಉರಿಗೆ ಹಿಡಿದರೆ ಮೇಲೆಲ್ಲ ಬಿರುಕಿನ ಬಲೆ.

ಅಜ್ಜಿಗೆ ಉಬ್ಬು ಚುಕ್ಕೆಯ ಮಣಿ ಮಾಡಿದರು. ನನಗೆ ಅವಸರ. ನಾಲ್ಕನೆಯದನ್ನು ನೋಡಿದ್ದೆನಲ್ಲ, ನೀರಿಗೆ ಹಾಕಿದರೆ ಬೇಗ ಆರುತ್ತದೆ ಅಂದುಕೊಂಡೆ. ಚಿಕ್ಕಪ್ಪ ಅತ್ತ ತಿರುಗಿದಾಗ ತಂತಿ ತೆಗೆದು ಚೊಂಬಿನ ನೀರಿಗೆ ಅದ್ದಿಬಿಟ್ಟೆ. ಟಕ್ ಅಂತ ಎರಡು ಹೋಳು! ನನಗೆ ಅಳು ಬಂತು.

ಚಿಕ್ಕಪ್ಪ ಬೈದರು, ಆಮೇಲೆ ಕಾರಣ ಹೇಳಿದರು. ಬಿಸಿ ಗಾಜು ತಣ್ಣಗಾದರೆ ಕುಗ್ಗುತ್ತದೆ. ನೀರು ತಾಗಿದಾಗ ಹೊರಗಿನದು ಮೊದಲು ಕುಗ್ಗುತ್ತದೆ, ಒಳಗಿನದು ಇನ್ನೂ ಬಿಸಿಯಾಗಿಯೇ ಇರುತ್ತದೆ. ಆ ಎಳೆದಾಟಕ್ಕೆ ಗಾಜು ಸೀಳುತ್ತದೆ. ಬಿರುಕಿನ ಮಣಿಯನ್ನು ಕೂಡಲೇ ಉರಿಗೆ ಹಿಡಿದಿದ್ದರಿಂದ ಅದು ಉಳಿಯಿತು. ಅದಕ್ಕೇ ಅವರು ಕೆಲಸ ಮಾಡುವ ಕಡೆ ಮಣಿಗಳನ್ನು ಸುಮಾರು 500 ಡಿಗ್ರಿಯ ಒಲೆಯಲ್ಲಿಟ್ಟು ನಿಧಾನವಾಗಿ ಆರಿಸುತ್ತಾರೆ.

ಚಿಕ್ಕಪ್ಪ ಇನ್ನೊಂದು ಮಣಿ ಮಾಡಿ ಬಿಸಿ ಬೂದಿಯಲ್ಲಿ ಹೂತಿಟ್ಟರು. ರಾತ್ರಿಯೆಲ್ಲ ನಾನು ಅದನ್ನು ಮುಟ್ಟಲಿಲ್ಲ. ಬೆಳಿಗ್ಗೆ ತೆಗೆದು ನೀರಿನಲ್ಲಿ ನೆನೆಸಿ ತಂತಿ ಎಳೆದರು. ತೂತು ಉಳಿಯಿತು.

ಈಗ ಅಜ್ಜಿ ಸರ ಎಣಿಸುತ್ತಾ ಬಂದು ಆ ಮಣಿಯ ಹತ್ತಿರ ನಿಲ್ಲುತ್ತಾರೆ. "ಸಿಕ್ತು ಕಣೇ" ಅನ್ನುತ್ತಾರೆ.

ಗೆಳೆಯರೇ, ಇದನ್ನು ಯಾರೂ ಮನೆಯಲ್ಲಿ ಮಾಡಿ ನೋಡಬೇಡಿ. ಉರಿಯೂ ಅಪಾಯ, ಗಾಜಿನ ಪುಡಿಯೂ ಅಪಾಯ. ಒಡೆದ ಎರಡು ಹೋಳು ನನ್ನ ಕಂಪಾಸ್ ಬಾಕ್ಸಿನಲ್ಲಿವೆ. ಬೇಕಾದವರು ಬಂದು ನೋಡಬಹುದು.

– ಏಳನೇ ತರಗತಿಯ ವಿದ್ಯಾರ್ಥಿನಿ