‘ಮನೆ’ ಶಬ್ದದ ವಿಚಾರ

ನಿತ್ಯವೂ ನಾಲಗೆಯ ಮೇಲಿರುವ ಶಬ್ದಗಳ ಮೂಲವನ್ನು ನಾವು ವಿಚಾರಿಸುವುದು ಅಪರೂಪ. ‘ಮನೆ’ ಎಂಬುದು ಅಂತಹ ಶಬ್ದಗಳಲ್ಲಿ ಒಂದು. ಇದನ್ನು ಸಂಸ್ಕೃತದ ‘ಮಂದಿರ’ದ ತದ್ಭವವೆಂದು ಭಾವಿಸುವುದು ಸುಲಭ, ಅರ್ಥವೂ ಒಂದೇ, ಮೊದಲಕ್ಷರವೂ ಒಂದೇ. ಆದರೆ ಶಬ್ದಗಳ ನಂಟನ್ನು ನಿರ್ಣಯಿಸುವುದಕ್ಕೆ ಇಷ್ಟು ಸಾಲದು. ‘ಮಂದಿರ’ವು ಪ್ರಾಕೃತದಲ್ಲಿಯೂ ಮಂದಿರವಾಗಿಯೇ ಉಳಿದಿದೆ. ಅದರ ದಕಾರ ರಕಾರಗಳೆರಡೂ ಲೋಪವಾಗಿ, ಎಕಾರಾಂತವಾದ ‘ಮನೆ’ಯು ಹುಟ್ಟಿತೆನ್ನುವುದಕ್ಕೆ ತಕ್ಕ ಧ್ವನಿನಿಯಮವು ಕಾಣುವುದಿಲ್ಲ.

ಸೋದರಭಾಷೆಗಳನ್ನು ನೋಡಿದರೆ ದಾರಿಯು ತಿಳಿಯಾಗುತ್ತದೆ. ತಮಿಳಿನಲ್ಲಿ ‘ಮನೈ’, ಕೊಡವ ನುಡಿಯಲ್ಲಿ ‘ಮನೆ’, ಮಲೆಯಾಳದಲ್ಲಿ ‘ಮನ’ ಎಂಬ ರೂಪಗಳಿವೆ; ಕೊನೆಯದು ವಿಶೇಷವಾಗಿ ನಂಬೂದಿರಿಗಳ ಮನೆಗೆ ಸಲ್ಲುತ್ತದೆ. ಪದಾಂತ್ಯದ ಈ ಭೇದವು ಆಕಸ್ಮಿಕವಲ್ಲ. ‘ತಲೈ, ತಲೆ, ತಲ’ ಎಂಬಲ್ಲಿಯೂ ಇದೇ ಕ್ರಮವುಂಟು. ಇನ್ನು ಧಾತುವನ್ನು ಅರಸಿದರೆ, ತಮಿಳಿನ ‘ಮನ್ನು’ ಎಂಬುದಕ್ಕೆ ಸ್ಥಿರವಾಗಿ ನಿಲ್ಲು ಎಂದೂ, ತೆಲುಗಿನ ‘ಮನು’ ಎಂಬುದಕ್ಕೆ ಬಾಳು ಎಂದೂ ಅರ್ಥ. ಗೋಂಡಿ, ಕುಯಿ ಮೊದಲಾದ ನುಡಿಗಳಲ್ಲಿ ‘ಮನ್’ ಎಂಬುದು ‘ಇರು’ ಎಂಬ ಕ್ರಿಯೆಯೇ ಆಗಿದೆ. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿಕೋಶವು ಇವೆಲ್ಲವನ್ನೂ ಒಂದೇ ಕುಟುಂಬವಾಗಿ ಎಣಿಸಿದೆ. ಆದುದರಿಂದ ‘ಮನೆ’ ಎಂದರೆ ಮೂಲತಃ ಇರುವ ತಾಣ, ನಿಂತು ಬಾಳುವ ಎಡೆ. ಕನ್ನಡದ ಬಳಕೆಯಲ್ಲಿ ಧಾತುವು ಅಳಿಯಿತು. ಅದರ ಸಂತಾನವು ಮಾತ್ರ ಉಳಿಯಿತು.

ಲ್ಯಾಟಿನ್ ಭಾಷೆಯಲ್ಲಿ ‘ಉಳಿ’ ಎಂಬರ್ಥದ ‘ಮಾನೇರೆ’ ಎಂಬ ಕ್ರಿಯೆಯುಂಟು; ಮನೆ ಎಂಬರ್ಥದ ಫ್ರೆಂಚಿನ ‘ಮೇಜೋಂ’ ಅದರಿಂದಲೇ ಹುಟ್ಟಿತು. ಹೋಲಿಕೆಯು ಮನಸ್ಸನ್ನು ಸೆಳೆಯುವುದಾದರೂ, ಇಷ್ಟರಿಂದಲೇ ಇವು ಬಂಧುಗಳೆಂದು ಸಾಧಿಸಲಾಗದು. ‘ಮಂದಿರ’ದ ವಿಷಯದಲ್ಲಿ ಬೇಕಾದ ಎಚ್ಚರವು ಇಲ್ಲಿಯೂ ಬೇಕು.

ಈ ಮೂಲಾರ್ಥವು ‘ಬೀಡು’ ಶಬ್ದದೊಡನೆ ಹೋಲಿಸಿದಾಗ ಇನ್ನೂ ಸ್ಪಷ್ಟವಾಗುತ್ತದೆ. ‘ಕೆಡು’ವಿನಿಂದ ‘ಕೇಡು’ ಆದಂತೆ ‘ಬಿಡು’ವಿನಿಂದ ‘ಬೀಡು’ ಆಯಿತು; ಪಯಣದಲ್ಲಿ ಇಳಿದು ತಂಗುವ ತಾಣವದು. ತಮಿಳಿನಲ್ಲಿ ಇದರ ಸೋದರವಾದ ‘ವೀಡು’ ಮನೆಗೆ ವಾಡಿಕೆಯ ಹೆಸರಾಗಿರುವುದಲ್ಲದೆ, ಬಿಡುಗಡೆ ಅಥವಾ ಮೋಕ್ಷವೆಂಬ ಅರ್ಥದಲ್ಲಿಯೂ ಸಲ್ಲುತ್ತದೆ. ನಮ್ಮ ಶಾಸನಗಳಲ್ಲಿ ರಾಜಧಾನಿಯನ್ನು ‘ನೆಲೆವೀಡು’ ಎಂದಿರುವುದುಂಟು. ಬೀಡಿಗೆ ಸ್ಥಿರತೆ ಬರಬೇಕಾದರೆ ‘ನೆಲೆ’ಯನ್ನು ಸೇರಿಸಬೇಕಾಯಿತು, ಮನೆಗೆ ಆ ಊರೆಗೋಲು ಬೇಕಾಗಲಿಲ್ಲ.

ಇದ್ದು ಬಾಳುವುದೇ ಮನೆಯಾದುದರಿಂದ, ಗೋಡೆ ಮಾಡುಗಳಿಗಿಂತ ಅಲ್ಲಿ ಬಾಳುವವರಿಗೇ ಈ ಹೆಸರು ಹೆಚ್ಚಾಗಿ ಅಂಟಿತು. ತಮಿಳಿನಲ್ಲಿ ‘ಮನೈವಿ’ ಎಂದರೆ ಹೆಂಡತಿ. ತೆಲುಗಿನಲ್ಲಿ ‘ಮನುವು’ ಎಂದರೆ ಮದುವೆ. ನಾವು ‘ನಮ್ಮ ಮನೆಯವರು’ ಎನ್ನುವಾಗ ಸೂಚಿಸುವುದು ಬಾಳಿನ ಜೊತೆಗಾರರನ್ನು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಬರುವ ‘ಮನೆವೆರ್ಗಡೆ’ಯು ಅರಸನ ಮನೆವಾರ್ತೆಯನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ. ‘ಮನೆತನ’ವೆಂದರೆ ವಂಶ. ‘ಮನೆ ಮುರಿಯಿತು’ ಎಂದಾಗ ತೊಲೆಕಂಬಗಳು ನಿಂತೇ ಇರಬಹುದು. ಮುರಿದುದು ಒಟ್ಟು ಬಾಳು.

ಮರೆಯಾದ ಧಾತುವಿನ ಅರ್ಥವು ಬೇರೆ ಎಡೆಗಳಲ್ಲಿಯೂ ಇಣುಕುತ್ತದೆ. ಪಗಡೆಯ ಕಾಯಿ ನಿಲ್ಲುವ ಚೌಕವು ಮನೆ. ಜಾತಕದಲ್ಲಿ ಗ್ರಹವು ಇರುವ ಸ್ಥಾನವು ಮನೆ. ‘ಎದೆಯಲ್ಲಿ ಭಯವು ಮನೆಮಾಡಿತು’ ಎಂಬಲ್ಲಿ ಕಟ್ಟಡದ ಸುಳಿವೇ ಇಲ್ಲ. ಬಂದುದು ಹೋಗದೆ ನಿಂತಿತೆಂಬುದಷ್ಟೇ ತಾತ್ಪರ್ಯ. ಇವುಗಳನ್ನು ಕಟ್ಟಡದ ಹೆಸರಿನಿಂದ ಬೆಳೆದ ಲಕ್ಷಣೆಗಳೆಂದು ವಿವರಿಸಬಹುದಾದರೂ, ಮೂಲಾರ್ಥಕ್ಕೆ ಇವು ಎಷ್ಟು ಹತ್ತಿರವಾಗಿವೆಯೆಂಬುದನ್ನು ಗಮನಿಸಬೇಕು.

ತರಗತಿಯಲ್ಲಿ ತದ್ಭವಪ್ರಕರಣವನ್ನು ಬೋಧಿಸುವ ಉಪಾಧ್ಯಾಯರು ಈ ಒಂದು ಶಬ್ದವನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಧ್ವನಿಸಾಮ್ಯಕ್ಕೂ ಶಬ್ದಸಂಬಂಧಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಬಹುದು. ಒಂದು ನುಡಿಯಲ್ಲಿ ಕಳೆದುಹೋದ ಧಾತುವನ್ನು ಅದರ ಸೋದರನುಡಿಗಳು ಕಾಪಾಡಿಕೊಂಡಿರುತ್ತವೆ. ನಮ್ಮ ಮನೆಯ ಅರ್ಥವನ್ನು ನೆರೆಮನೆಗಳಲ್ಲಿ ಕೇಳಿ ತಿಳಿಯಬೇಕಾಗಿದೆ.