ಮನೆ ಬದಲಿಸಿದ ಸದಸ್ಯರ ಪಟ್ಟಿ

ನಾರಾಯಣಗೂಡಕ್ಕೆ ಬಂದಮೇಲೆ ಮೂರು ಬಾಡಿಗೆ ಮನೆ ಬದಲಿಸಿದ್ದೇನೆ. ಪ್ರತಿ ಸಲವೂ ಸಾಮಾನು ಇಳಿಸಿ, ಲಾರಿಯವನನ್ನು ಕಳಿಸಿ, ಚಹಾ ಮಾಡಲು ಹೊರಟಾಗಲೇ ಏನೋ ಒಂದು ಕಾಣೆಯಾಗಿದೆ ಅಂತ ಗೊತ್ತಾಗುವುದು. ಕೆಲವೊಮ್ಮೆ ಅದು ಹಿಂದಿನ ಮನೆಯಲ್ಲೇ ಕಳೆದಿರುತ್ತದೆ. ನಮಗೆ ತಿಳಿಯುವುದು ಮಾತ್ರ ಹೊಸ ಮನೆಯಲ್ಲಿ. ನಮ್ಮ ಕನ್ನಡ ಬಳಗದ ವೆಬ್ ಅಪ್ಲಿಕೇಶನ್‌ಗೂ ಹಾಗೇ ಆಯಿತು.

ಅಪ್ಲಿಕೇಶನ್ ದೊಡ್ಡದೇನಲ್ಲ. ಸದಸ್ಯರ ಹೆಸರು, ಮೂಲ ಊರು, ಫೋನ್ ನಂಬರ್, ಯಾರು ಯಾವ ಪುಸ್ತಕ ಒಯ್ದಿದ್ದಾರೆ ಎಂಬ ಲೆಕ್ಕ, ಅಷ್ಟೇ. ಹಿಂದೆ ಯಾರೋ ಗೆಳೆಯರು ಬಿಡುವಿನಲ್ಲಿ ಕಟ್ಟಿಕೊಟ್ಟದ್ದು. ಅದು ಮೈಎಸ್‌ಕ್ಯುಎಲ್ 5.7ರ ಮೇಲೆ ನಡೆಯುತ್ತಿತ್ತು. ಆ ಆವೃತ್ತಿಗೆ ತಯಾರಕರ ಬೆಂಬಲ 2023ರ ಅಕ್ಟೋಬರ್‌ಗೆ ಮುಗಿದಿದೆ. ಮೈಎಸ್‌ಕ್ಯುಎಲ್ 8ಕ್ಕೆ ಏರಿಸಿದ್ದರೆ ಸುಲಭವಿತ್ತು. ಆದರೆ ಕಾರ್ಯಕ್ರಮಗಳ ನೋಂದಣಿಗೆಂದು ಆಮೇಲೆ ಕಟ್ಟಿದ ಇನ್ನೊಂದು ಅಪ್ಲಿಕೇಶನ್ ಪೋಸ್ಟ್‌ಗ್ರೆಸ್‌ನಲ್ಲಿತ್ತು. ಸಂಬಳವಿಲ್ಲದೆ ದುಡಿಯುವ ಇಬ್ಬರು ಮೂವರು ಎರಡೆರಡು ಡೇಟಾಬೇಸ್ ಸಾಕುವುದು ಬೇಡವೆಂದು ಎಲ್ಲವನ್ನೂ ಪೋಸ್ಟ್‌ಗ್ರೆಸ್‌ಗೆ ತರಲು ನಿರ್ಧರಿಸಿದೆವು.

ಪಿಜಿಲೋಡರ್ ಎಂಬ ಉಚಿತ ಸಾಧನವಿದೆ. ಮೈಎಸ್‌ಕ್ಯುಎಲ್‌ನ ಟೇಬಲ್‌ಗಳನ್ನು ಓದಿ, ಪೋಸ್ಟ್‌ಗ್ರೆಸ್‌ಗೆ ಹೊಂದುವಂತೆ ಬದಲಿಸಿ ತುಂಬುತ್ತದೆ. ದಿನಾಂಕವಿಲ್ಲದ ಕಡೆ ಮೈಎಸ್‌ಕ್ಯುಎಲ್‌ನಲ್ಲಿ ಬರೀ ಸೊನ್ನೆಗಳ ದಿನಾಂಕ ಬರೆದಿಡುವ ರೂಢಿಯಿತ್ತು. ಪೋಸ್ಟ್‌ಗ್ರೆಸ್ ಅದನ್ನು ಒಪ್ಪುವುದಿಲ್ಲ. ಅಂಥವನ್ನು ಪಿಜಿಲೋಡರ್ ತಾನೇ ಖಾಲಿ ಮಾಡುತ್ತದೆ. ಶನಿವಾರ ರಾತ್ರಿ ಊಟ ಮುಗಿಸಿ ಪ್ರಯೋಗಕ್ಕೆ ಒಮ್ಮೆ ಓಡಿಸಿದೆ. ಕೆಲವೇ ನಿಮಿಷದಲ್ಲಿ ಮುಗಿಯಿತು. ಒಂದೂ ದೋಷವಿಲ್ಲ. ಸಾಲುಗಳ ಎಣಿಕೆಯೂ ಸರಿಹೊಂದಿತು. ಖುಷಿಯಿಂದ ತೆರೆದು ನೋಡಿದರೆ ಪಟ್ಟಿಯಲ್ಲಿ ಒಂದೂ ಕನ್ನಡ ಅಕ್ಷರವಿಲ್ಲ!

ಕನ್ನಡದ ಜಾಗದಲ್ಲಿ, ತಲೆಯ ಮೇಲೆ ಗೀಟು ಹೊತ್ತ ಯುರೋಪಿನ 'ಎ', ಅದರ ಪಕ್ಕ ಸಣ್ಣ ಎರಡೋ ಮೂರೋ, ಮತ್ತೊಂದು ಚಿಹ್ನೆ, ಹೀಗೆ ಸಾಲುಸಾಲು. ಕಾರಣ ಇದು: ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಕಾಗುಣಿತದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ನಮ್ಮ ಹಳೆಯ ಟೇಬಲ್‌ಗಳನ್ನು ಲ್ಯಾಟಿನ್-1 ಎಂದು ಗುರುತಿಸಿದ್ದರು. ಅಲ್ಲಿ ಒಂದು ಬೈಟ್ ಎಂದರೆ ಒಂದು ಅಕ್ಷರ. ಹಳೆಯ ಅಪ್ಲಿಕೇಶನ್ ತಪ್ಪಾಗಿ ಬರೆದು, ಅದೇ ತಪ್ಪಿನಿಂದ ಓದುತ್ತಿದ್ದುದರಿಂದ ಪರದೆಯ ಮೇಲೆ ಕನ್ನಡ ಸರಿಯಾಗೇ ಕಾಣುತ್ತಿತ್ತು. ಪಿಜಿಲೋಡರ್ ನಿಯಮದಂತೆ ಓದಿತು, ಗುಟ್ಟು ರಟ್ಟಾಯಿತು.

ಇದು ಸರಿಪಡಿಸಬಹುದಾದ ತೊಂದರೆ. ಬೈಟ್‌ಗಳು ಹಾಗೇ ಇವೆ, ಹಣೆಪಟ್ಟಿ ಮಾತ್ರ ತಪ್ಪು. ಮೈಎಸ್‌ಕ್ಯುಎಲ್‌ನ ಒಂದು ನಕಲಿನಲ್ಲಿ ಆ ಕಾಲಂಗಳನ್ನು ಮೊದಲು ಬೈನರಿಗೆ, ಆಮೇಲೆ ಯುಟಿಎಫ್8ಎಂಬಿ4ಕ್ಕೆ ಬದಲಿಸಿ ಮತ್ತೆ ಸಾಗಿಸಿದೆ. ಕನ್ನಡ ಬಂತು.

ಭಾನುವಾರ ಬಳಗದ ಹಿರಿಯರೊಬ್ಬರನ್ನು ಕರೆದು ಕೂರಿಸಿದೆ. ಕೊಪ್ಪಳದವರು, ನಾವೆಲ್ಲ ಕಾಕಾ ಅನ್ನುತ್ತೇವೆ. ಕೊಪ್ಪಳ ರಾಯಚೂರು ಜಿಲ್ಲೆಯಲ್ಲಿದ್ದು, ರಾಯಚೂರು ಹೈದರಾಬಾದ್ ರಾಜ್ಯದಲ್ಲಿದ್ದ ಕಾಲಕ್ಕೇ ಅವರ ತಂದೆ ಇಲ್ಲಿಗೆ ಬಂದವರು. 1956ರಲ್ಲಿ ಊರು ಮೈಸೂರು ರಾಜ್ಯಕ್ಕೆ ಸೇರಿತು, ಮನೆ ಇಲ್ಲೇ ಉಳಿಯಿತು.

ಮೊದಲು ಲಾಗಿನ್ನೇ ಆಗಲಿಲ್ಲ. ಫೋನು ಅವರ ಇಮೇಲ್‌ನ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡಿತ್ತು. ಮೈಎಸ್‌ಕ್ಯುಎಲ್ ಸಾಮಾನ್ಯವಾಗಿ ದೊಡ್ಡಕ್ಷರ, ಸಣ್ಣಕ್ಷರ ಎಂದು ಭೇದ ಮಾಡುವುದಿಲ್ಲ, ಪೋಸ್ಟ್‌ಗ್ರೆಸ್ ಮಾಡುತ್ತದೆ. ಎರಡನ್ನೂ ಸಣ್ಣಕ್ಷರ ಮಾಡಿ ಹೋಲಿಸುವಂತೆ ತಿದ್ದಿದೆ. ಆಮೇಲೆ ಕಾಕಾ ತಮ್ಮ ಊರನ್ನು ಹುಡುಕಿದರು.

"ತಮ್ಮಾ, ಕೊಪ್ಪಳದವ್ರು ನಾವು ಆರು ಮನಿ ಅದೀವಿ. ಇದ್ರಾಗ ನಾಕೇ ತೋರಸ್ತದಲ್ಲೋ."

"ಸಾಲು ಎಲ್ಲಾ ಬಂದಾವ ಕಾಕಾ, ಎಣಿಸೀನಿ."

"ಎಣಿಸಿದ್ರ ಆಗ್ತದೇನು? ಓದಿ ನೋಡು."

ಓದಿದೆ. ಒಂದು ಮನೆಯವರ 'ಕೊ' ಎರಡು ತುಂಡಾಗಿತ್ತು. ಯೂನಿಕೋಡ್‌ನಲ್ಲಿ ಒತ್ವಕ್ಕೆ ಒಂದೇ ಸಂಕೇತವಿದೆ. ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಒಂದರ ಹಿಂದೊಂದು ಹಾಕಿದರೂ ಅದೇ ಅಕ್ಷರ. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಇದು ಹಳೆಯ ಡೇಟಾಬೇಸ್‌ನಲ್ಲೂ ಹಾಗೇ ಇತ್ತು. 2020ರಲ್ಲಿ ಬಂದ ಪೋಸ್ಟ್‌ಗ್ರೆಸ್ 13ರಿಂದ ಈಚೆಗೆ ಇವನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಎಲ್ಲ ಹೆಸರು, ಊರುಗಳನ್ನೂ ಅದರಿಂದ ಹಾಯಿಸಿದೆ. ಐದನೆಯ ಮನೆ ಸಿಕ್ಕಿತು.

ಆರನೆಯ ಮನೆಯ ಊರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದವು. ಯಾರೋ ಎಂದೋ ಬೇರೊಂದು ಸಾಧನದಿಂದ ನೇರವಾಗಿ ಟೇಬಲ್‌ಗೆ ಕನ್ನಡ ತುಂಬಿದ್ದರು. ಲ್ಯಾಟಿನ್-1ರಲ್ಲಿ ಹಿಡಿಸದ ಅಕ್ಷರಕ್ಕೆ ಬದಲಾಗಿ ಮೈಎಸ್‌ಕ್ಯುಎಲ್ ಅಂದೇ ಪ್ರಶ್ನಾರ್ಥಕ ಚಿಹ್ನೆ ಬರೆದುಕೊಂಡಿತ್ತು. ಗೀಟು ಹೊತ್ತ ಅಕ್ಷರಗಳಿಂದ ಕನ್ನಡವನ್ನು ಮರಳಿ ತರಬಹುದು, ಇದರಿಂದ ಆಗದು. ಬ್ಯಾಕಪ್‌ನಲ್ಲೂ ಅದೇ ಚಿಹ್ನೆಗಳು. ವರ್ಷಗಟ್ಟಲೆ ನಾವು ಭದ್ರವಾಗಿ ಕಾಪಾಡಿಕೊಂಡು ಬಂದದ್ದು ಅದನ್ನೇ.

ಕಾಕಾ ಏನೂ ಹೇಳದೆ ಮನೆಗೆ ಹೋಗಿ, ಬಟ್ಟೆ ಬೈಂಡಿನ ಹಳೆಯ ಸದಸ್ಯತ್ವದ ರಿಜಿಸ್ಟರ್ ತಂದರು. ಅದರಲ್ಲಿ ನೀಲಿ ಶಾಯಿಯಲ್ಲಿ ಹೆಸರು, ಊರು ಎಲ್ಲ ಇತ್ತು. ಚಿಹ್ನೆಗಳಷ್ಟೇ ಉಳಿದಿದ್ದ ಇನ್ನೂ ಕೆಲವು ಸಾಲುಗಳನ್ನು ಹುಡುಕಿ ತೆಗೆದು, ಅವರು ಓದುತ್ತ ಹೋದಂತೆ ನಾನು ಟೈಪ್ ಮಾಡಿದೆ. ಸಂಜೆಯಾಯಿತು.

ನಿಮ್ಮೂರಿನ ಸಂಘ, ಗ್ರಂಥಾಲಯ, ಅಂಗಡಿಯ ಡೇಟಾಬೇಸನ್ನೂ ಒಂದು ದಿನ ನೀವು ಸಾಗಿಸಬೇಕಾಗಬಹುದು. ಮೊದಲು ನಕಲಿನ ಮೇಲೆ ಪ್ರಯೋಗ ಮಾಡಿ. ಕನ್ನಡದ ಕಾಲಂಗಳಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆಯೇ ಎಂದು ಹೊರಡುವ ಮುನ್ನವೇ ಹುಡುಕಿ. ಹಳೆಯದನ್ನು ಕೆಲವು ವಾರ ಓದಲು ಮಾತ್ರ ಬರುವಂತೆ ಉಳಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಪಟ್ಟಿಯಲ್ಲಿರುವ ಜನರನ್ನು ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಕಾಕಾ ಹೊರಡುವಾಗ ಇನ್ನೊಮ್ಮೆ ಹುಡುಕಿ ನೋಡಿದರು. ಆರು ಮನೆ. ರಿಜಿಸ್ಟರನ್ನು ಮಾತ್ರ ನನ್ನ ಹತ್ತಿರ ಬಿಡಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡೇ ಹೋದರು.